ಹಲಸಿನ ಮಂಚ ಮತ್ತು ಅರಬ್ಬೀ ಸಮುದ್ರ

ಹಡಗು ಹೊರಡದೇ ಇರಬಹುದಿತ್ತು. ಹೊರಟು, ಅರ್ಧ ದಾರಿಯಲ್ಲಿ ಕಡಲು ಕೆರಳಿ ಹಿಂದಕ್ಕೆ ತಿರುಗಬಹುದಿತ್ತು. ಕೊಚ್ಚಿ ಮುಟ್ಟಿದರೂ ಅಲ್ಲಿ ಮಳೆ ಸುರಿದು ಬಸ್ಸುಗಳು ನಿಂತಿರಬಹುದಿತ್ತು. ವಯನಾಡಿನ ಘಾಟಿಯಲ್ಲಿ ಮಣ್ಣು ಜರಿದಿರಬಹುದಿತ್ತು. ಬಸ್ಸು ತಡವಾಗಿ, ಕಾಡಂಚಿನ ಬಾವಲಿ ಚೆಕ್‌ಪೋಸ್ಟಿನ ಗೇಟು ಸಂಜೆಗೆ ಹಾಕಿಕೊಂಡು, ಪಕ್ಕದ ಮನೆ ಹುಡುಗಿಯ ಅಪ್ಪ ಕಾಡಿನ ಆಚೆ, ನಿಕಾ ಕಾಡಿನ ಈಚೆ ಆಗಬಹುದಿತ್ತು. ಗೇಟು ತೆರೆದೇ ಇದ್ದರೂ ಎಚ್.ಡಿ. ಕೋಟೆ ರಸ್ತೆಗೆ ಆನೆ ಅಡ್ಡ ನಿಂತಿರಬಹುದಿತ್ತು. ಮೋಡ ಇತ್ತಲೇ ಹರಿದುಬಂದು ಹುಣಸೂರಿನಲ್ಲೇ ಮಳೆ ಹಿಡಿದು, ಶಾಮಿಯಾನ ಕುಸಿದು, ಬಿರಿಯಾನಿ ದೇಗಕ್ಕೆ ನೀರು ಬೀಳಬಹುದಿತ್ತು. ಇಷ್ಟನ್ನೂ ನಾನು ನಿಕಾದ ಹಿಂದಿನ ಸೋಮವಾರವೇ ಯೋಚಿಸಿ ಮುಗಿಸಿದ್ದೆ. ಪಟ್ಟಿ ಇನ್ನೂ ಉದ್ದವಿತ್ತು. ನನ್ನ ಹೆಂಡತಿ ಆನೆಯವರೆಗೆ ಕೇಳಿಸಿಕೊಂಡು ಅಡುಗೆಮನೆಗೆ ಎದ್ದುಹೋದದ್ದರಿಂದ ಉಳಿದದ್ದನ್ನು ಒಬ್ಬನೇ ಪೂರೈಸಿಕೊಳ್ಳಬೇಕಾಯಿತು.

ನಾನು ಗಾವಡಗೆರೆ ಕಡೆಯ ಶಾಲೆಯೊಂದರಲ್ಲಿ ಸಮಾಜ ಹೇಳುವ ಮೇಷ್ಟ್ರು. ಮನೆ ಹುಣಸೂರಿನಲ್ಲಿ. ಸಮುದ್ರವನ್ನು ಇದುವರೆಗೆ ನೋಡಿರುವುದು ಎರಡು ಸಲ. ಎರಡು ಸಲವೂ ಶಾಲೆಯ ಪ್ರವಾಸದಲ್ಲಿ, ಅಲೆಗೆ ಬೆನ್ನು ಹಾಕಿಕೊಂಡು ಮಕ್ಕಳ ತಲೆ ಎಣಿಸುತ್ತ. ಆದರೂ ಬೆಳಗ್ಗೆ ಎದ್ದರೆ ಕಾಫಿಗೆ ಮೊದಲು ಫೋನಿನಲ್ಲಿ ಕಡಲಿನ ಹವಾಮಾನ ನೋಡದಿದ್ದರೆ ನನಗೆ ಆಗುವುದಿಲ್ಲ. ಅಂಡಮಾನಿನಿಂದ ಅರಬ್ ದೇಶಗಳ ತೀರದವರೆಗೆ ಎಲ್ಲಿ ಗಾಳಿ ಸುತ್ತುತ್ತಿದೆ, ಎಲ್ಲಿ ಅಲೆ ಏಳುತ್ತಿದೆ, ಮೀನುಗಾರರು ಯಾವ ಕಡೆ ಇಳಿಯಬಾರದು, ಎಲ್ಲ ಓದುತ್ತೇನೆ. ನಾನು ಮೀನು ಹಿಡಿಯುವವನಲ್ಲ. ತಿನ್ನುವಾಗಲೂ ಮುಳ್ಳಿನ ಭಯ. ಇದು ಯಾವಾಗ ಅಂಟಿಕೊಂಡಿತೋ ಸರಿಯಾಗಿ ನೆನಪಿಲ್ಲ. ನಲವತ್ತೈದು ದಾಟಿದ ಮೇಲೆ ಮನೆಯೊಳಗಿನ ಚಿಂತೆಗಳೆಲ್ಲ ಹಳಸಿ, ಹೊಸ ಸರಕಿಗೆ ಸಮುದ್ರದವರೆಗೆ ಹೋದೆನೆಂದು ಕಾಣುತ್ತದೆ.

"ರೀ, ನಮ್ ಬೀದಿ ನಲ್ಲೀಲಿ ನೀರು ಯಾವತ್ತು ಬತ್ತದೆ ಅಂತ ಯೋಳಿ ನೋಡನ," ಎನ್ನುತ್ತಾಳೆ ಹೆಂಡತಿ. "ಅಂಡಮಾನ್ ನೀರ್ ಕಟ್ಕಂಡು ನಾನೇನ್ ಮಾಡ್ಲಿ?"

ಒಂದು ವರ್ಷ, ದೀಪಾವಳಿ ಕಳೆದ ಮೇಲೆ, ಆ ನೀರು ಕಟ್ಟಿಕೊಳ್ಳಲು ನಮ್ಮ ಬೀದಿಗೇ ಕಾರಣ ಬಂತು.

ನಮ್ಮ ಪಕ್ಕದ ಮನೆಯವರು ಮರಗೆಲಸದವರು. ಅವರ ತಾತನ ಕಾಲದಿಂದ ಅದೇ ಕಸುಬು. ನಾನು ಅವರನ್ನು ಭಾಯ್ ಎನ್ನುತ್ತೇನೆ, ಅವರ ಹೆಂಡತಿಯನ್ನು ಬಾಬಿ. ನಡುವೆ ಎದೆಯೆತ್ತರದ ಒಂದು ಗೋಡೆ ಇದೆ. ಅದರ ಮೇಲಿನಿಂದ ಇಪ್ಪತ್ತು ವರ್ಷ ಸಾರು, ಸೇವಿಗೆ, ಹರಟೆ ಎಲ್ಲ ದಾಟಿವೆ. ಭಾಯ್ ಆ ಸಲ ಲಕ್ಷದ್ವೀಪದಲ್ಲಿ ಯಾರೋ ಕಟ್ಟಿಸುತ್ತಿದ್ದ ಮನೆಗೆ ಬಾಗಿಲು ಕಿಟಕಿ ಒಪ್ಪಿಕೊಂಡಿದ್ದರು. ಹುಣಸೂರಿನಲ್ಲಿ ಮಾಡಿದ ಬಾಗಿಲುಗಳು ಮಂಗಳೂರಿನಿಂದ ಸರಕಿನ ದೋಣಿಯಲ್ಲಿ ಹೋದವು. ಕೂರಿಸಿಕೊಡಲು ಭಾಯ್ ಕೊಚ್ಚಿಗೆ ಹೋಗಿ ಹಡಗು ಹತ್ತಿದರು. ಮೂರು ವಾರದ ಕೆಲಸ. ಅದು ಮುಗಿದ ಭಾನುವಾರಕ್ಕೆ ಮಗಳ ನಿಕಾ. ಹುಡುಗ ಪಿರಿಯಾಪಟ್ಟಣದಲ್ಲಿ ಪಾತ್ರೆ ಅಂಗಡಿ ಇಟ್ಟವನು. ಬುಧವಾರ ಹಡಗು ಹತ್ತಿದರೆ ಶುಕ್ರವಾರ ಮನೆಯಲ್ಲಿರುತ್ತೇನೆ ಎಂದು ಹೇಳಿ ಹೋಗಿದ್ದರು.

ಅವರ ಮನೆಯಲ್ಲಿ ಒಂದು ಪದ್ಧತಿ. ಮಗಳ ಮಂಚವನ್ನು ಅಪ್ಪನೇ ಮಾಡಬೇಕು, ಒಂದೇ ಮರದಲ್ಲಿ, ಒಂದು ಮೊಳೆಯೂ ಇಲ್ಲದೆ. ಮರದ ನಾಲಿಗೆ ಮರದ ತೂತಿಗೆ ಕೂರಬೇಕು ಅಷ್ಟೇ. ಅದನ್ನು ಬಿಡಿಬಿಡಿಯಾಗಿಯೇ ಹುಡುಗನ ಮನೆಗೆ ಒಯ್ದು, ಅಲ್ಲಿ ಎಲ್ಲರ ಎದುರು ಜೋಡಿಸಿ, ಕೊನೆಯ ಏಟನ್ನು ಅಪ್ಪ ಮರದ ಕೊಡತಿಯಿಂದ ಹೊಡೆಯಬೇಕು. ಆ ಏಟು ಬಿದ್ದ ಮೇಲೆ ಮಗಳು ಆ ಮನೆಯವಳು. ಭಾಯ್ ಹಿತ್ತಿಲಿನ ಹಲಸನ್ನು ಉರುಳಿಸಿ, ಹಲಗೆ ಕೊಯ್ಯಿಸಿ, ವರ್ಷಗಟ್ಟಲೆ ಒಣಗಿಸಿ ಮಂಚ ಮಾಡಿಟ್ಟಿದ್ದರು. ತುಂಡುಗಳು ಹಳೇ ಸೀರೆಯಲ್ಲಿ ಸುತ್ತಿಕೊಂಡು ನಡುಮನೆಯ ಗೋಡೆಗೆ ಒರಗಿದ್ದವು.

ನಿಕಾಗೆ ಒಂದು ವಾರ ಮೊದಲ ಭಾನುವಾರ ಬೆಳಗ್ಗೆ ನೋಡಿದೆ: ಬಂಗಾಳ ಕೊಲ್ಲಿಯ ದೂರದ ಮೂಲೆಯಲ್ಲಿ ವಾಯುಭಾರ ಕುಸಿತ. ಪಶ್ಚಿಮಕ್ಕೆ ಚಲಿಸುವ ಸಾಧ್ಯತೆ. ಕಾಫಿ ತಣ್ಣಗಾಯಿತು.

ಬಾಬಿಗೆ ಹೇಳಬಾರದಿತ್ತು. ಆದರೆ ಚಿಂತೆಯನ್ನು ಒಬ್ಬನೇ ಇಟ್ಟುಕೊಳ್ಳುವ ಶಕ್ತಿ ನನಗಿಲ್ಲ. ಅವತ್ತಿನಿಂದ ಬಾಬಿ ದಿನವೂ ಬೆಳಗ್ಗೆ, ಮಗಳ ದುಪಟ್ಟಕ್ಕೆ ಅಂಚು ಹೊಲಿಯುತ್ತಲೇ ಗೋಡೆಯ ಹತ್ತಿರ ಬರತೊಡಗಿದರು.

"ಮೇಷ್ಟ್ರೇ, ಎಲ್ಲಿಗ್ ಬಂತು ಅದು?"

ಯಾರೋ ಬೇಡದ ನೆಂಟರು ರೈಲಿನಲ್ಲಿ ಬರುತ್ತಿದ್ದಾರೆ ಎನ್ನುವಂತೆ ಕೇಳುತ್ತಿದ್ದರು.

"ಇನ್ನೂ ದೂರ ಅದೆ ಬಾಬಿ. ಲಂಕೆ ಆಚೆ."

"ದೂರ ಅಂದ್ರೆ? ಮೈಸೂರಷ್ಟಾ, ಬೆಂಗ್ಳೂರಷ್ಟಾ?"

"ದಿಲ್ಲಿ ಅಂದ್ಕಳಿ."

"ದಿಲ್ಲಿಯಿಂದ ಬರೋದು ಯಾವ್ದು ಬೇಗ ಬಂದದೆ? ಬುಡಿ," ಎಂದು ನಕ್ಕರು. ನಕ್ಕ ಮೇಲೂ ಸೂಜಿ ಒಂದೇ ಕಡೆ ನಿಂತಿತ್ತು.

ಇದು ಬೇಗ ಬಂತು. ಮಂಗಳವಾರ ಲಂಕೆಯ ತಳ ಸವರಿತು. ಬುಧವಾರ ಕನ್ಯಾಕುಮಾರಿಯ ಕೆಳಗೆ ಇತ್ತು. ನಕ್ಷೆಯಲ್ಲಿ ಲಕ್ಷದ್ವೀಪದ ಸುತ್ತ ಹಳದಿ ಹೋಗಿ ಕಿತ್ತಳೆ ಬಂತು. ಶಾಲೆಯಿಂದ ಬರುವಾಗ ಬಾಬಿಯ ಮಗಳು ಗೇಟಿನ ಹತ್ತಿರ ಕಾಯುತ್ತಿದ್ದಳು.

"ಅಂಕಲ್, ಅಮ್ಮಿಗೆ ಬಣ್ಣ ಎಲ್ಲಾ ಹೇಳ್ಬೇಡಿ. ಅವ್ರು ಊಟ ಬಿಟ್ಟಿದಾರೆ. ನಂಗ್ ಹೇಳಿ, ಸಾಕು."

"ಹಡಗು ಇವತ್ತು ಬುಟ್ಟಿಲ್ಲಮ್ಮ," ಎಂದೆ.

"ಗೊತ್ತು. ಅಬ್ಬಾ ಫೋನ್ ಮಾಡಿದ್ರು, ಅರ್ಧಕ್ಕೆ ಕಟ್ಟಾಯ್ತು." ಸ್ವಲ್ಪ ಹೊತ್ತು ಚಪ್ಪಲಿಯಿಂದ ಮಣ್ಣು ಕೆದಕಿದಳು. "ಅಬ್ಬಾ ಬದ್ಲು ಚಿಕ್ಕಪ್ಪ ನಿಂತ್ಕಂಡ್ರೂ ನಿಕಾ ಆಯ್ತದಂತೆ. ಎಲ್ರೂ ಅದ್ನೇ ಹೇಳ್ತಾವ್ರೆ. ಅಬ್ಬಾ ಬರ್ದೆ ನಾನು ಕಬೂಲ್ ಅನ್ನಲ್ಲ ಅಂಕಲ್. ನೀವು ಯಾರಿಗೂ ಹೇಳ್ಬೇಡಿ."

ಹುಡುಗಿಯೇ ಒಪ್ಪಿಗೆ ಹೇಳದಿರಬಹುದು ಎನ್ನುವುದೊಂದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಇಷ್ಟು ವರ್ಷ ಚಿಂತೆ ಮಾಡಿ ಪಳಗಿದವನಿಗೆ ಮುಖ್ಯವಾದದ್ದೇ ಹೊಳೆದಿರಲಿಲ್ಲ. ಎಲ್ಲೋ ಗಾಳಿ ಸುತ್ತುವುದು ನಕ್ಷೆಯಲ್ಲಿ ಒಂದು ಬಣ್ಣ. ಇಲ್ಲಿ ಗೇಟು ಹಿಡಿದು ನಿಂತ ಹುಡುಗಿಗೆ ಅದು ಅಪ್ಪ.

ಗುರುವಾರ ಅದು ದ್ವೀಪಗಳ ಮೇಲೇ ಕೂತಿತ್ತು. ಸಮುದ್ರ ಒರಟು, ಅತಿ ಒರಟು ಎಂದು ಪ್ರಕಟಣೆ. ಅದರ ಸೆರಗು ಹುಣಸೂರಿಗೂ ತಾಗಿ, ಜಿಟಿಜಿಟಿ ಹನಿ ಎರಡು ದಿನದಿಂದ ಬಿಟ್ಟಿರಲಿಲ್ಲ. ಒಗೆದ ಬಟ್ಟೆ ಒಣಗದು, ಉಪ್ಪಿನ ಡಬ್ಬಿಯಲ್ಲಿ ನೀರು, ಬೆಂಕಿಕಡ್ಡಿ ಗೀರಿದರೆ ತಲೆ ಕಳಚುತ್ತಿತ್ತು. ಆ ಸಂಜೆ ಬಾಬಿಯ ಮನೆಗೆ ಹೋದಾಗ ಅವರು ಸೀರೆ ಸುತ್ತಿದ ಮಂಚದ ತುಂಡುಗಳನ್ನೇ ನೋಡುತ್ತ ಕೂತಿದ್ದರು.

"ಇವ್ರು ಬರ್ಲಿಲ್ಲ ಅಂದ್ರೆ ಇದ್ನ ಯಾರ್ ಜೋಡಿಸ್ತಾರೆ ಮೇಷ್ಟ್ರೇ? ಯಾವ್ದು ಯಾವ್ದಕ್ಕೆ ಅಂತ ಇವ್ರಿಗೇ ಗೊತ್ತು."

ಆಗ ನನಗೆ ಒಂದು ಉಪಾಯ ಹೊಳೆಯಿತು. ನನಗೆ ಹೊಳೆಯುವುದೆಲ್ಲ ಮುಂಜಾಗ್ರತೆಯ ರೂಪದಲ್ಲೇ ಇರುತ್ತದೆ. ಒಂದು ಸಲ ಇಲ್ಲೇ ಜೋಡಿಸಿ ನೋಡಿಬಿಡೋಣ, ಯಾವುದು ಎಲ್ಲಿಗೆಂದು ಬರೆದುಕೊಳ್ಳೋಣ, ಆಮೇಲೆ ಬಿಚ್ಚಿಟ್ಟರಾಯಿತು ಎಂದೆ. ಭಾಯ್ ಅವರ ತಮ್ಮ ಅಲ್ಲೇ ಇದ್ದ. ಹಣ್ಣಿನ ವ್ಯಾಪಾರಿ, ಮರದ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಸೇಬಿನ ಪೆಟ್ಟಿಗೆ ಒಡೆಯುವುದು ಮಾತ್ರ.

ಕಷ್ಟವೇನೂ ಆಗಲಿಲ್ಲ. ಭಾಯ್ ಗುರುತಿಗೆಂದು ಉಳಿಯಿಂದ ಸಣ್ಣ ಕಚ್ಚು ಹಾಕಿಟ್ಟಿದ್ದರು: ಒಂದು ಕಚ್ಚಿಗೆ ಒಂದು ಕಚ್ಚು, ಎರಡಕ್ಕೆ ಎರಡು. ನಾಲ್ಕು ಕಾಲೂ ನಿಂತವು. ಕೊನೆಯ, ಎಂಟನೆಯ ಕೂಡಿಕೆಯಲ್ಲಿ ಮಾತ್ರ ಕೂದಲೆಳೆಯಷ್ಟು ಸಂದು ಉಳಿದಿತ್ತು. ಸಡಿಲವಿದ್ದು ಆಮೇಲೆ ಕಾಲು ಅಲ್ಲಾಡಿದರೆ? ಹುಡುಗನ ಮನೆಯವರು ಆಡಿಕೊಂಡರೆ? ಕೊಡತಿ ತೆಗೆದುಕೊಂಡು ಒಂದು ಏಟು ಹಾಕಿದೆ.

"ಮೆಲ್ಲುಗ್ ಕಣ್ರೀ," ಎಂದಳು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ.

ಇನ್ನೊಂದು ಹಾಕಿದೆ. ಸಂದು ಮುಚ್ಚಿತು. ಮಂಚ ಬಂಡೆಯಂತೆ ನಿಂತಿತು. ಬಾಬಿ ಅದರ ತುದಿಯಲ್ಲಿ ಕೂತು, ಮೂರು ದಿನದಲ್ಲಿ ಮೊದಲ ಸಲ ಅತ್ತರು. ಆಮೇಲೆ ನಾಲ್ಕು ತುತ್ತು ಊಟ ಮಾಡಿದರು. ಅವರು ಊಟ ಮಾಡುವಾಗ ಮಂಚ ಬಿಚ್ಚಿ ಸದ್ದು ಮಾಡುವುದು ಬೇಡವೆಂದು ಹಾಗೇ ಬಿಟ್ಟು ಬಂದೆವು.

ಶುಕ್ರವಾರ ಬೆಳಗ್ಗೆ ನಕ್ಷೆಯಲ್ಲಿ ಅದು ವಾಯವ್ಯಕ್ಕೆ ಸರಿದು, ನಡುಗಡಲಿನಲ್ಲಿ ಸೊರಗುತ್ತಿತ್ತು. ನಾನು ಚಪ್ಪಲಿಯನ್ನೂ ಹಾಕದೆ ಗೋಡೆಯ ಹತ್ತಿರ ಓಡಿದೆ. ಹೇಳುವುದಕ್ಕೆ ಮೊದಲೇ ಮಗಳು ಫೋನು ಎತ್ತಿ ತೋರಿಸಿದಳು. ಮಧ್ಯಾಹ್ನ ಹಡಗು ಬಿಡುತ್ತದಂತೆ. ಶನಿವಾರ ಮುಂಜಾನೆ ಕೊಚ್ಚಿ, ಅಲ್ಲಿಂದ ಬಸ್ಸಿನ ಮೇಲೆ ಬಸ್ಸು. ಘಾಟಿಯಲ್ಲಿ ಮಣ್ಣು ಜರಿದಿರಲಿಲ್ಲ. ಬಾವಲಿ ಗೇಟು ತೆರೆದಿತ್ತು. ಆನೆಗಳು ತಮ್ಮ ಪಾಡಿಗೆ ತಾವಿದ್ದವು. ಸೂರ್ಯ ಮುಳುಗುವ ಮೊದಲೇ ಭಾಯ್ ಒಂದು ಗೋಣಿ ತೆಂಗಿನಕಾಯಿ ಹೊತ್ತುಕೊಂಡು ಆಟೋದಿಂದ ಇಳಿದರು. ಮುಖ ಕಪ್ಪಾಗಿ ಉಪ್ಪು ಹಿಡಿದಂತಿತ್ತು. ಮಗಳು ಅವರ ಕೈಯಿಂದ ಗೋಣಿ ಇಸಿದುಕೊಂಡಳು.

ಭಾನುವಾರ ಬೆಳಗ್ಗೆ ನಿಕಾ. ಶಾಮಿಯಾನ ನಿಂತೇ ಇತ್ತು. ಬಿರಿಯಾನಿಗೆ ಒಂದು ಹನಿ ಬೀಳಲಿಲ್ಲ. ಹೆಂಗಸರ ಕಡೆಯಿಂದ ಬಂದ ನನ್ನ ಹೆಂಡತಿ ಕಿವಿಯಲ್ಲಿ ಹೇಳಿದಳು: "ಮೂರು ಸಲಾನೂ ಕಬೂಲ್ ಅಂದ್ಲು. ಗಟ್ಟಿಯಾಗೇ ಅಂದ್ಲು."

ಮಧ್ಯಾಹ್ನ ಪಿರಿಯಾಪಟ್ಟಣಕ್ಕೆ ಸಾಮಾನು ಒಯ್ಯುವ ವ್ಯಾನು ಬಂತು. ಮಂಚ ಬಿಚ್ಚಲು ಭಾಯ್ ನಡುಮನೆಗೆ ಹೋದರು. ಹಿಂದಿನ ಸಂಜೆ ಅದು ನಿಂತಿದ್ದದ್ದನ್ನು ನೋಡಿದ್ದರಂತೆ, ನೆಂಟರ ಗದ್ದಲದಲ್ಲಿ ಕೈ ಹಾಕಿರಲಿಲ್ಲ. ಕೊಡತಿಯಿಂದ ಒಳಗಿನಿಂದ ತಟ್ಟಿದರು. ಮಂಚ ಅಲುಗಲಿಲ್ಲ. ಇನ್ನೊಂದು ಮೂಲೆ ತಟ್ಟಿದರು. ಅದೂ ಅಷ್ಟೆ. ಜೋಡಿಸಿದಂತೆಯೇ ಹೊರಗೆ ಸಾಗಿಸೋಣವೆಂದರೆ ಬಾಗಿಲು ಮಂಚಕ್ಕಿಂತ ಕಿರಿದು. ನಾಲ್ಕು ಜನ ಓರೆ ಹಿಡಿದು, ಲಂಬ ಹಿಡಿದು, ತಲೆಕೆಳಗೆ ಹಿಡಿದು ನೋಡಿದೆವು. ನಾನು ಹಿಂದಿನ ಕಾಲು ಹಿಡಿದಿದ್ದೆ. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಭಾಯ್ ಬಗ್ಗಿ ಎಂಟನೆಯ ಕೂಡಿಕೆಯ ಮೇಲೆ ಬೆರಳು ಆಡಿಸಿದರು.

"ಇದ್ನ ಬಡ್ದೋರು ಯಾರು?"

ತಮ್ಮ ನನ್ನ ಕಡೆ ನೋಡಿದ. ಬಾಬಿ ನನ್ನ ಕಡೆ ನೋಡಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ನಾನೇ ಭಾಯ್," ಎಂದೆ. "ಅಲ್ಲಾಡ್ತದೇನೋ ಅಂತ."

ಅವರು ಮಂಚದ ಮೇಲೇ ಕೂತು ನಗಲು ಶುರುಮಾಡಿದರು. "ಅಲ್ಲಾ ಮೇಷ್ಟ್ರೇ, ದ್ವೀಪದಲ್ಲಿ ಕಡ್ಲು ಗಾಳಿಗೆ ಮರ ಊದ್ಕತದೆ ಅಂತ ಒಂದೊಂದ್ ಬಾಗ್ಲಿಗೂ ಎರಡು ನೂಲು, ಕಾಲಿಂಚು, ಸಂದು ಬುಟ್ಟು ಕೂರಿಸ್ಬಂದೆ. ಇದು ಹುಣಸೂರು, ಇಲ್ಲಿಗೆ ಯಾವ ಕಡ್ಲು ಬತ್ತದೆ ಅಂತ ಇದ್ನ ಬಿಗಿಯಾಗ್ ಮಾಡಿದ್ದೆ. ಆ ಥಂಡೀಲಿ ಊದ್ಕಂಡಿರೋ ಮರಕ್ಕೆ ನೀವು ಬೇರೆ ಬಡ್ದಿದೀರಿ. ಈಗ ಎಳದ್ರೆ ಸೀಳೋಯ್ತದೆ. ಬಿಸ್ಲು ಬರ್ಬೇಕು."

"ಎಷ್ಟ್ ದಿನ ಆಯ್ತದೆ?"

"ನಂಗೇನ್ ಗೊತ್ತು? ಹವಾಮಾನ ನೋಡೋರು ನೀವು. ನೋಡಿ ಹೇಳಿ."

ವ್ಯಾನು ಬೀರು, ಹಾಸಿಗೆ, ಪಾತ್ರೆಗಳನ್ನು ಹೇರಿಕೊಂಡು ಹೊರಟಿತು. ಹುಡುಗಿ ಕಾರು ಹತ್ತುವಾಗ ಅತ್ತು ಕೆಂಪಾಗಿದ್ದ ಕಣ್ಣಿನಲ್ಲೇ ನನ್ನನ್ನು ನೋಡಿ, "ಅಂಕಲ್, ಮಂಚ ಹುಷಾರು," ಎಂದು ನಕ್ಕಳು. ಆ ವಾರವೆಲ್ಲ ನಾನು ಬೆಳಗೆದ್ದು ಕಡಲನ್ನು ಬಿಟ್ಟು ಹುಣಸೂರಿನ ಬಿಸಿಲನ್ನೇ ನೋಡಿದೆ. ಮುಂದಿನ ಭಾನುವಾರ ಕೂಡಿಕೆಗಳು ತಾವಾಗಿ ಸಡಿಲಿದವು. ಮಂಚ ಪಿರಿಯಾಪಟ್ಟಣ ತಲುಪಿತು, ಭಾಯ್ ಎಲ್ಲರ ಎದುರು ಕೊನೆಯ ಏಟು ಹೊಡೆದರು. ಕೊನೆಯದು ಎಂದು ಅವರು ಹೇಳಿದರು, ಎಲ್ಲರೂ ಒಪ್ಪಿದರು. ಅದಕ್ಕಿಂತ ಮೊದಲು, ಹತ್ತು ದಿನ ಮುಂಚೆ, ಹುಡುಗಿಯ ತವರಿನಲ್ಲಿ ನನ್ನ ಕೈಯಿಂದ ಬಿದ್ದ ಎರಡು ಏಟುಗಳ ಗುರುತು ಮಾತ್ರ ಎಂಟನೆಯ ಕೂಡಿಕೆಯ ಮೇಲೆ ಹಾಗೇ ಉಳಿದಿದೆ, ಅರ್ಧಚಂದ್ರದಂತೆ, ಸ್ವಲ್ಪ ಸೊಟ್ಟಗೆ.