ಹೊಳಿಯಮ್ಮನ ಕೈಗೆ ಒಪ್ಪುವ ಕೋಲು

ಗಂಗಾವತಿ ಸೀಮೆಯಲ್ಲಿ, ತುಂಗಭದ್ರೆಯ ದಂಡೆಗೆ ಅಂಟಿಕೊಂಡಿದ್ದ ಕಲ್ಲಗುಂಡಿಯಲ್ಲಿ, ಮಾರೆಪ್ಪನ ಹತ್ತಿರ ಗಾಳದ ಕೋಲು ಕೇಳಲು ಹೋದವರು ಮೊದಲು ಒಂದಿಷ್ಟು ಬೈಸಿಕೊಳ್ಳಬೇಕಿತ್ತು. "ಯಾವ ಮೀನಿಗೆ?" ಎನ್ನುವುದು ಅವನ ಮೊದಲ ಮಾತು. "ಯಾವುದಾದ್ರೂ ಆಗ್ಲಿ" ಎಂದಿರೋ, ಕೆಟ್ಟಿರಿ. "ಯಾವುದಾದ್ರೂ ಆಗ್ಲಿ ಅಂದಾವಗ ಯಾವುದೂ ಸಿಗಂಗಿಲ್ಲ. ಮನಿಗೆ ಹೋಗಿ ವಿಚಾರ ಮಾಡ್ಕೊಂಡು ಬಾ" ಎಂದು ಬಂದ ದಾರಿ ತೋರಿಸುತ್ತಿದ್ದ. ವ್ಯಾಪಾರ ಮಾಡುವವನ ಬಾಯಲ್ಲಿ ಬರುವ ಮಾತೇ ಇದು? ಆದರೂ ಹೋದವರು ಮರುದಿನ ವಿಚಾರ ಮಾಡಿಕೊಂಡೇ ಬರುತ್ತಿದ್ದರು. ಮಾರೆಪ್ಪ ಆರಿಸಿ ಕೊಟ್ಟ ಕೋಲು ಬರಿಗೈಯಲ್ಲಿ ಮನೆಗೆ ಕಳಿಸುವುದಿಲ್ಲ ಎಂಬ ನಂಬಿಕೆ ಹೊಳೆಯ ಎರಡೂ ದಂಡೆಯಲ್ಲಿತ್ತು.

ಅವನ ಮನೆಯ ತೊಲೆಗೆ ಕಟ್ಟಿದ ಹಗ್ಗದ ಕುಣಿಕೆಗಳಲ್ಲಿ ಕೋಲುಗಳು ಮಲಗಿರುತ್ತಿದ್ದವು. ಕಲ್ಲುಸಂದಿಯ ಹಾವುಮೀನಿಗೆ ಗಿಡ್ಡ ಕೋಲು, ಅದು ಬಾಗುವ ಮಾತೇ ಇಲ್ಲ. ಬಾಗಿದರೆ ಮೀನು ಕಲ್ಲಿಗೆ ಸುತ್ತಿಕೊಂಡು ಕೂತುಬಿಡುತ್ತದೆ. ಕಾಲುವೆಯ ಗೆಂಡೆಮೀನಿಗೆ ಉದ್ದನೆಯ, ತುದಿ ಮೆತ್ತಗಿನ ಕೋಲು ಬೇಕು, ಯಾಕೆಂದರೆ ಗೆಂಡೆಯ ತುಟಿಯೂ ಮೆತ್ತಗೆ, ಒರಟಾಗಿ ಎಳೆದರೆ ತುಟಿ ಹರಿದುಕೊಂಡು ಹೋಗುತ್ತದೆ. ಆಳದ ಮಡುವಿನ ಬಾಳೆಮೀನಿಗೆ ಗಟ್ಟಿ ಬಿದಿರು, ಬುಡ ಹಿಡಿದರೆ ಮುಷ್ಟಿ ತುಂಬಬೇಕು. ಇವೆಲ್ಲದರ ಬದಿಗೆ, ಮೂಲೆಯಲ್ಲಿ, ಹುಳದ ಕೋಲು ಎಂಬ ಸಣಕಲು ಕೋಲೊಂದಿರುತ್ತಿತ್ತು. ಹುಂಜದ ಕತ್ತಿನ ಗರಿಯನ್ನು ರೇಷ್ಮೆ ಎಳೆಯಿಂದ ಗಾಳಕ್ಕೆ ಸುತ್ತಿ, ಹುಳದ ಹಾಗೆ ಕಾಣುವಂತೆ ಮಾಡಿ, ಹರಿಯುವ ನೀರಿನ ಮೇಲೆ ಬೀಸುವುದು. ಹಾರುವ ಹುಳಕ್ಕೆ ಜಿಗಿಯುವ ಬೆಳ್ಳನೆಯ ಮೀನು ಅದಕ್ಕೂ ಜಿಗಿಯುತ್ತದೆ. ಮೀಸೆ ಬಂದ ಗಂಡಸರು ಅದನ್ನು ಮುಟ್ಟುತ್ತಿರಲಿಲ್ಲ. ಅದು ಹುಡುಗರ ಆಟವೆಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು, ಮಾರೆಪ್ಪನೂ ಸೇರಿ.

ಮೀನು ಯಾವುದೆಂದು ಗೊತ್ತಾದ ಮೇಲೆ ಅವನು ಕೈ ನೋಡುತ್ತಿದ್ದ. ಅಂಗೈಯ ಗೆರೆಯಲ್ಲ, ಕೈ ಮಾಡುವ ಕೆಲಸ. ಗಂಗಾವತಿಯ ಟಾಂಗಾದ ಮುರ್ತುಜಾಸಾಬ ಒಮ್ಮೆ ಬಂದು, "ಹಿಡದ್ರ ದೊಡ್ಡದ ಹಿಡೀಬೇಕು ಮಾರೆಪ್ಪ, ಬಾಳಿಮೀನಿನ ಕೋಲ ಕೊಡು" ಎಂದು ಹಟ ಹಿಡಿದ. ಮಾರೆಪ್ಪ ಅವನಿಗೆ ಟಾಂಗಾ ಆಲದ ಮರದ ತನಕ ಹೊಡೆದುಕೊಂಡು ಬರಲು ಹೇಳಿದ. ಬಂದ ಮೇಲೆ ಕೈಗಿಟ್ಟದ್ದು ಗೆಂಡೆಯ ಕೋಲು. "ನೀ ಚಾಟಿ ಆಡಸ್ತಿ, ಕುದ್ರಿಗೆ ಹೊಡಿಯಂಗಿಲ್ಲ. ಇಂಥಾ ಕೈಗೆ ಬಾಳಿಮೀನು ಬ್ಯಾಡ" ಎಂದ. ಮುರ್ತುಜಾಸಾಬ ಗೊಣಗುತ್ತ ಹೋದ. ಮುಂದಿನ ವಾರ ಟಾಂಗಾದ ಹಿಂದೆ ಗೆಂಡೆಗಳ ಗೊಂಚಲು ಇಳಿಬಿಟ್ಟುಕೊಂಡು ಪೇಟೆಯೆಲ್ಲ ಸುತ್ತಿದನಂತೆ, ಸವಾರಿಗೆ ಕರೆದವರನ್ನೂ ಹತ್ತಿಸಿಕೊಳ್ಳದೆ.

ಇಷ್ಟೆಲ್ಲ ಕೈಗಳನ್ನು ನೋಡಿದ ಈ ಪುಣ್ಯಾತ್ಮ ಒಂದು ಕೈಯನ್ನು ಮಾತ್ರ ನೋಡಿರಲಿಲ್ಲ. ಅದು ಹೆಂಡತಿ ಹೊಳಿಯಮ್ಮನ ಕೈ. ನೋಡುವ ಪ್ರಸಂಗವೇ ಬಂದಿರಲಿಲ್ಲ ಅನ್ನಿ. ಕಲ್ಲಗುಂಡಿಯಲ್ಲಿ ಹೆಂಗಸರು ಮೀನು ಮಾರುತ್ತಿದ್ದರು, ಬಲೆ ಹೊಲಿಯುತ್ತಿದ್ದರು, ಕೋಲು ಹಿಡಿಯುತ್ತಿರಲಿಲ್ಲ. ಹಿಡಿಯಬಾರದೆಂದು ಯಾರೂ ಹೇಳಿದ್ದಿಲ್ಲ. ಹಿಡಿಯಬಹುದೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಊರಿನ ಅಂಬಿಗರ ಮನೆಗಳು ಹೊಳೆಯ ಮಡುಗಳನ್ನು ಹಂಚಿಕೊಂಡಿದ್ದವು, ಮನೆಗೊಂದು ಮಡು. ಅದಕ್ಕೊಂದು ಕಟ್ಟಳೆ. ಮಳೆಗಾಲದ ಪ್ರವಾಹ ಇಳಿದು ಮಹಾನವಮಿ ಕಳೆದ ಮೇಲೆ, ಸೀಗಿ ಹುಣ್ಣಿಮೆಯೊಳಗೆ, ಪ್ರತಿ ಮನೆಯವರೂ ತಮ್ಮ ಮಡುವಿನಿಂದ ಒಂದಾದರೂ ಮೀನನ್ನು ಗಾಳದ ಕೋಲಿನಿಂದಲೇ ಹಿಡಿದು ಹೊಳೆಕಟ್ಟೆಗೆ ತಂದು ತೋರಿಸಬೇಕು. ಬಲೆ ನಡೆಯದು, ಕೂಲಿಯಾಳು ನಡೆಯದು. ತಂದವರ ಹೆಸರು ಕೂಗಿ ಹೊಳೆಗೆ ತೆಂಗಿನಕಾಯಿ ಬಿಡುತ್ತಿದ್ದರು; ಮುಂದಿನ ವರ್ಷದ ಸೀಗಿ ಹುಣ್ಣಿಮೆಯ ತನಕ ಮಡು ಆ ಹೆಸರಿನದು. ತರದವರ ಮಡು ಇನ್ನೊಬ್ಬರಿಗೆ. ಆನೆಯಂಥ ಬಂಡೆಯ ಕೆಳಗಿನ ದೊಡ್ಡ ಮಡು ಮಾರೆಪ್ಪನ ಹೆಸರಿನಲ್ಲಿ ಎಷ್ಟು ವರ್ಷದಿಂದ ಇತ್ತೆಂದರೆ, ದನ ಕಾಯುವವರು ಕೂಡ ಅದನ್ನು 'ಮಾರೆಪ್ಪ' ಎಂದೇ ಕರೆಯುತ್ತಿದ್ದರು. "ಎಮ್ಮಿ ಮಾರೆಪ್ಪನಾಗ ಬಿದ್ದೈತಿ" ಎಂದರೆ ಯಾರೂ ನಗುತ್ತಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ ಮಾರೆಪ್ಪನ ಬಲಗೈಗೆ ಲಕ್ವ ಹೊಡೆಯಿತು. ಕಾಲು ಉಳಿಯಿತು, ಮಾತು ಉಳಿಯಿತು, ಸಿಟ್ಟಂತೂ ದುಪ್ಪಟ್ಟಾಗಿ ಉಳಿಯಿತು. ಕೈ ಮಾತ್ರ ಒದ್ದೆ ಬಟ್ಟೆಯಂತೆ ಜೋತುಬಿದ್ದಿತು. ಔಷಧ, ಎಣ್ಣೆ, ಹರಕೆ ಎಲ್ಲ ಆಯಿತು. ಗಂಡುಮಕ್ಕಳಿಲ್ಲ, ಒಬ್ಬಳೇ ಮಗಳು ಪಕ್ಕೀರವ್ವ ಅಳವಂಡಿಯ ಎರೆಭೂಮಿಯವರ ಸೊಸೆಯಾಗಿದ್ದಳು. ಅಳಿಯ ಒಳ್ಳೆಯವನೇ. ಬಂದು, "ಮಡು ಹೋದ್ರ ಹೋಗ್ಲಿ ಮಾವಾ, ನಮ್ಮನ್ಯಾಗ ಇರ್ರಿ" ಎಂದ. ಅಳವಂಡಿಯಲ್ಲಿ ಹೊಳೆ ಇಲ್ಲ. ಅಲ್ಲಿ ಮಾರೆಪ್ಪ ಅಳಿಯನ ಕಟ್ಟೆಯ ಮೇಲೆ ಕೂತು ಹೋಗಿಬರುವ ಎತ್ತುಗಳನ್ನು ನೋಡಬೇಕು, ಊಟಕ್ಕೆ ಕರೆದಾಗ ಏಳಬೇಕು. ಅಂಥ ಬಾಳು ಅವನಿಗೆ ಬೇಡವಾಗಿತ್ತು.

ಮಹಾನವಮಿ ಕಳೆದದ್ದೇ ಎಡಗೈಯಿಂದ ಯತ್ನಿಸಿದ. ಗಾಳ ನೀರಿಗೆ ಬೀಳುವ ಬದಲು ತನ್ನದೇ ಧೋತರಕ್ಕೆ ಸಿಕ್ಕಿತು. ಅದನ್ನು ಬಿಡಿಸಿದವಳು ಹೊಳಿಯಮ್ಮ. ಬಿಡಿಸುತ್ತ, ತಲೆ ಎತ್ತದೆ, "ನಾ ಹಿಡೀಲೇನ್ರಿ?" ಎಂದಳು.

ಮಾರೆಪ್ಪ ದಿಗಿಲುಬಿದ್ದು ನೋಡಿದ. ಬೇರೆ ದಾರಿ ಯಾವುದಿತ್ತು?

ಅಲ್ಲೇ ನೋಡಿ ಅವನು ಎಡವಿದ್ದು. ಟಾಂಗಾದವನಿಗೆ ಕೈ ನೋಡಿ ಕೋಲು ಆರಿಸಿದವನು ಹೆಂಡತಿಗೆ ತನ್ನ ಬಾಳೆಮೀನಿನ ಕೋಲನ್ನೇ ಎತ್ತಿಕೊಟ್ಟ. ದೊಡ್ಡ ಮಡುವಿನ ಮರ್ಯಾದೆ ಬಾಳೆಮೀನಿನಲ್ಲಿದೆ, ತನ್ನ ಮರ್ಯಾದೆ ಆ ಕೋಲಿನಲ್ಲಿದೆ. ಅವನ ತಲೆಯಲ್ಲಿ ಇದ್ದದ್ದು ಅಷ್ಟೇ. ಹೊಳಿಯಮ್ಮ ಸೀರೆಯ ಕಚ್ಚೆ ಬಿಗಿದು ಬಂಡೆಯ ಮೇಲೆ ನಿಂತಳು. ಮೀನು ಬಂದದ್ದೇನೋ ಬಂತು. ಆ ಭಾರದ ಕೋಲು ಮೀನಿನ ಕಡೆಗೇ ಸೇರಿಕೊಂಡಿತೇನೋ, ಎರಡೂ ಕೂಡಿ ಅವಳನ್ನು ಮಡುವಿಗೆ ಎಳೆದು ಹಾಕಿದವು. ಅವಳಿಗೆ ಈಜು ಬರುತ್ತಿತ್ತು, ಬದುಕಿದಳು. ಆಚೆ ದಂಡೆಯಲ್ಲಿ ಹರಿಗೋಲಿನಲ್ಲಿದ್ದವರು ಹೊಟ್ಟೆ ಹಿಡಿದು ನಕ್ಕರು. ಮಾರೆಪ್ಪನ ಚಿಕ್ಕಪ್ಪನ ಮಗ ಓಬಳೆಪ್ಪನೂ ಅವರಲ್ಲಿದ್ದ. ಮಾರೆಪ್ಪನ ಮಡು ತಪ್ಪಿದರೆ ಸರದಿ ಅವನದು. ಕೆಟ್ಟವನಲ್ಲ, ಮನೆ ತುಂಬ ಮಕ್ಕಳು, ಅವನ ಮಡುವಿನಲ್ಲಿ ಕೆಸರೇ ಹೆಚ್ಚು. ಆಸೆಪಟ್ಟರೆ ತಪ್ಪೆನ್ನಲಾಗದು.

ಆ ದಿನ ಮನೆಗೆ ಬಂದು ಮಾರೆಪ್ಪ ಒಲೆಯ ಎದುರಿನ ಕಂಬಕ್ಕೆ ಒರಗಿ ಕೂತಿದ್ದ. ಹೊಳಿಯಮ್ಮ ತಲೆಗೂದಲು ಆರುವ ಮೊದಲೇ ರೊಟ್ಟಿಗೆ ಕೂತಳು. ಜೋಳದ ಹಿಟ್ಟು ನಾದಿ, ಉಂಡೆ ಮಾಡಿ, ಬಡಿಯತೊಡಗಿದಳು. ತೋಳು ಅಲುಗುತ್ತಿರಲಿಲ್ಲ, ಮೊಣಕೈ ಮೈಗೆ ಅಂಟಿಕೊಂಡಿತ್ತು. ಮಣಿಕಟ್ಟೊಂದೇ ಆಡುತ್ತಿತ್ತು. ಅಂಗೈ ಬಿದ್ದಷ್ಟೇ ಬೇಗ ಏಳುತ್ತಿತ್ತು. ಪೆಟ್ಟಿಗೊಮ್ಮೆ ರೊಟ್ಟಿ ತಾನಾಗಿ ತಿರುಗುತ್ತ, ಅಗಲವಾಗುತ್ತ, ಎಲ್ಲೂ ಹರಿಯದೆ ತೆಳ್ಳಗಾಗುತ್ತಿತ್ತು. ಕೊನೆಗೆ ಎರಡೂ ಕೈಯಿಂದ ಎತ್ತಿ ಹಂಚಿನ ಮೇಲೆ ಬಿಟ್ಟಾಗ ಅಂಚು ಅಂಚಿಗೆ ಸರಿಯಾಗಿ ಹೋಗಿ ಕೂತಿತು.

ಮದುವೆಯಾದಾಗಿನಿಂದ ಮಾರೆಪ್ಪ ಆ ರೊಟ್ಟಿ ತಿಂದಿದ್ದ, ಅದನ್ನು ಬಡಿಯುವ ಕೈಯನ್ನು ನೋಡಿದ್ದು ಅವತ್ತೇ. ನೋಡನೋಡುತ್ತ ಅವನ ಕಣ್ಣು ತುಂಬಿತು. ತನ್ನ ಮೇಲೆ ತನಗೇ ನಾಚಿಕೆಯಾಯಿತು.

"ಇನ್ನೊಂದು ಬಡಿ" ಎಂದ.

"ಹಸಿವಾಗೈತೇನು?"

"ಹಸಿವಿಲ್ಲ. ನೀ ಬಡಿ, ನಾ ನೋಡ್ಬೇಕು."

ಇವನಿಗೆ ಲಕ್ವ ತಲೆಗೂ ಏರಿತೇನೋ ಎಂದು ಹೊಳಿಯಮ್ಮನಿಗೆ ಅನುಮಾನ ಬಂತು. ಆದರೂ ಬಡಿದಳು.

ಮರುದಿನ ಮಾರೆಪ್ಪ ಮೂಲೆಯ ಹುಳದ ಕೋಲನ್ನು ಇಳಿಸಿದ. ಅದು ಹುಡುಗರ ಅಳತೆಯದು, ಇವಳಿಗೆ ಗಿಡ್ಡವಾಯಿತು. ಹೊಸದನ್ನೇ ಮಾಡಬೇಕು, ಮಾಡುವ ಕೈ ಇಲ್ಲ. ಅವನು ಹೇಳಿದ, ಅವಳು ಮಾಡಿದಳು. ಬಿದಿರನ್ನು ಬೆಂಕಿಗೆ ಹಿಡಿದು ನೆಟ್ಟಗೆ ಮಾಡುವಾಗ "ಸಾಕು, ಸಾಕು ಅಂದ್ನೆಲ್ಲ, ಸುಡ್ತೈತಿ!" ಎಂದು ಅವನು ಚೀರಿದ. "ಒಲಿ ಮುಂದ ಕುಂತಾಕಿಗೆ ಸುಡೂದು ಕಲಸಬ್ಯಾಡ್ರಿ" ಎಂದು ಅವಳು ತಿರುಗಿ ಅಂದಳು. ಬುಡ ಅವಳ ಮುಷ್ಟಿಗೆ ಒಪ್ಪಬೇಕು, ತುದಿ ಮಾತ್ರ ಹುಲ್ಲಿನಷ್ಟು ತೆಳುವಾಗಿ ಬಳುಕಬೇಕು. ಮನೆಯ ಹುಂಜ ಎರಡು ಗರಿ ಕೊಟ್ಟು, ಆ ದಿನವೆಲ್ಲ ಅಂಗಳಕ್ಕೆ ಕಾಲಿಡಲಿಲ್ಲ.

ಮಡುವಿನ ಬಾಯಲ್ಲಿ, ನೀರು ಬಂಡೆಗಳ ನಡುವೆ ಹರಿದು ಬಂದು ಆಳಕ್ಕೆ ಸೇರುವಲ್ಲಿ, ಅವಳನ್ನು ನಿಲ್ಲಿಸಿದ. "ತೋಳ ಮರತುಬಿಡು. ರೊಟ್ಟಿ ಬಡದಂಗ ಬಡಿ, ನೀರಿಗೆ ತಾಗೂದರಾಗ ಎತ್ತು" ಎಂದ. ಗರಿಯ ಹುಳ ಗಾಳಿಯಲ್ಲಿ ಹೋಗಿ ನೀರಿನ ಮೇಲೆ ಕೂತಿತು, ಎದ್ದಿತು, ಮತ್ತೆ ಕೂತಿತು. ಮೊದಲ ದಿನ ಏನೂ ಇಲ್ಲ, ಎರಡನೆಯ ದಿನವೂ ಇಲ್ಲ. ಹುಣ್ಣಿಮೆಯ ಬೆಳಿಗ್ಗೆ ನೀರೊಡೆದು ಬೆಳ್ಳನೆಯದೊಂದು ಜಿಗಿಯಿತು, ಕೋಲು ಬಳುಕಿ ಬಿಲ್ಲಾಯಿತು, ಮಾರೆಪ್ಪ "ಎಳಿ" ಎಂದು ಕೂಗುವ ಮೊದಲೇ ಹೊಳಿಯಮ್ಮ ಮಣಿಕಟ್ಟು ತಿರುಗಿಸಿದ್ದಳು. ಮೀನು ಬಂಡೆಯ ಮೇಲೆ ಬಂದು ಬಿತ್ತು. ಮಾರು ಉದ್ದದ ಬಾಳೆಮೀನಲ್ಲ, ಮೊಳದಷ್ಟೂ ಇರಲಿಲ್ಲ. ಅವಳು ಮಾತ್ರ ಅದರ ಪಕ್ಕ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಮಾರೆಪ್ಪ ಯಾವ ಕಾಲಕ್ಕೆ ನೋಡಿದ್ದನೋ.

ಬುಟ್ಟಿಗೆ ಮೀನು ಹಾಕಿಕೊಳ್ಳುತ್ತ ಅವಳೇ ಅಂದಳು: "ಕಟ್ಟಿ ಮ್ಯಾಲ ನೀವ ಹಿಡದೀರಿ ಅನ್ರಿ. ಎಡಗೈಲೆ ಹಿಡದೆ ಅನ್ರಿ. ನನಗ ಹೆಸರ ತಗೊಂಡು ಏನಾಗಬೇಕಾಗೈತಿ?"

ಸಂಜೆ ಹೊಳೆಕಟ್ಟೆಯಲ್ಲಿ ಜನ ಕೂಡಿದರು. ಕಟ್ಟಳೆ ನಡೆಸುವ ಹಿರಿಯ ಹುಲಿಗೆಪ್ಪ ಮಾರೆಪ್ಪನನ್ನು ಬದಿಗೆ ಕರೆದ. ಹುಲಿಗೆಪ್ಪನಿಗೆ ಊರಿನ ಯಾವ ಸುದ್ದಿಯೂ ತಪ್ಪುತ್ತಿರಲಿಲ್ಲ. "ತಮ್ಮಾ, ನಿನ್ನ ಎಡಗೈ ಹಿಡದೈತಿ ಅಂದ್ಬಿಡು. ಯಾರೂ ಕೆದಕಂಗಿಲ್ಲ. ಮಡೂನೂ ಉಳೀತೈತಿ, ನಿನ್ನ ಹೆಸರೂ ಉಳೀತೈತಿ. ಖರೇ ಹೇಳಿದ್ರ ಓಬಳೆಪ್ಪ ತಕರಾರ ತಗೀತಾನ, ಆಮ್ಯಾಲ ನನ್ನ ಕೈಯಾಗ ಏನೂ ಇಲ್ಲ."

ಮಾರೆಪ್ಪ ತಲೆಯಾಡಿಸಿದ. ಆ ಸುಳ್ಳನ್ನು ಹೇಳಬೇಕೆಂದೇ ಇದ್ದ, ಇದನ್ನು ನಾನು ಮುಚ್ಚಿಡುವುದಿಲ್ಲ. ಅಳವಂಡಿಯ ಕಟ್ಟೆ ಕಣ್ಣೆದುರಿಗೇ ಇತ್ತು. ಅವನ ಸರದಿ ಬಂತು. "ಈ ಮೀನು ಹಿಡದವರು ಯಾರು?" ಎಂದು ಹುಲಿಗೆಪ್ಪ ಕೇಳಿದ. ಮಾರೆಪ್ಪ ಬುಟ್ಟಿಯನ್ನು ನೋಡಿದ. ತನ್ನ ಜೋತುಬಿದ್ದ ಬಲಗೈಯನ್ನು ನೋಡಿದ. ಹೆಂಗಸರ ಗುಂಪಿನ ಹಿಂದೆ ನಿಂತು, ನೆಲ ನೋಡುತ್ತ, ಸುಳ್ಳಿಗಾಗಿ ಕಾಯುತ್ತಿದ್ದವಳನ್ನೂ ನೋಡಿದ.

"ನಾ ಅಲ್ಲ. ನಮ್ಮ ಮನಿಯಾಕಿ" ಎಂದ.

ಗುಜುಗುಜು ಎದ್ದಿತು. ಓಬಳೆಪ್ಪ ನಿಂತ. "ಅಣ್ಣಾ ತಪ್ಪ ತಿಳೀಬ್ಯಾಡ. ಹೆಂಗಸರು ಹಿಡದದ್ದು ಲೆಕ್ಕಕ್ಕ ಐತೇನ್ರಿ ಹುಲಿಗೆಪ್ಪ ಕಾಕಾ? ಎಂದಾರ ಹಂಗ ಆಗೈತೇನು?"

ಹುಲಿಗೆಪ್ಪ ಬಾಯೊಳಗಿನ ಎಲೆಯಡಿಕೆ ಅಗಿದು ಮುಗಿಸಿ ಬದಿಗೆ ಉಗಿದ.

"ಮನಿಯವರು ಹಿಡೀಬೇಕು ಅಂತ ಐತಿ" ಎಂದ ಹುಲಿಗೆಪ್ಪ ಕೊನೆಗೆ. "ಅಕಿ ಆ ಮನಿಯಾಕಿ ಅಲ್ಲ ಅಂತೀಯೇನ ಓಬಳೆಪ್ಪ? ಅನ್ನು ನೋಡೋಣು. ನಿನ್ನ ಮದುವ್ಯಾಗ ಅಕಿ ಮನಿ ಅತ್ತಿಗಿ ಅಂತನ ನಿನಗ ಎಣ್ಣಿ ಹಚ್ಚ್ಯಾಳ." ಓಬಳೆಪ್ಪ ಹಾಗೇ ಕೂತುಬಿಟ್ಟ. "ಆದ್ರ ಮಾರೆಪ್ಪ, ಹಿಡದವರ ಹೆಸರಿಗೆ ಕಾಯಿ ಬಿಡಬೇಕು. ಇವತ್ತಿಂದ ಮಡು ನಿಂದಲ್ಲ. ಹೆಸರ ಕೂಗೂದು ಮನಿ ಯಜಮಾನಂದು. ಕೂಗು."

ಇದನ್ನು ಮಾರೆಪ್ಪ ಯೋಚಿಸಿರಲಿಲ್ಲ. ಆ ಕಾಲದಲ್ಲಿ ಹೆಂಡತಿ ಗಂಡನ ಹೆಸರು ಹೇಳುತ್ತಿರಲಿಲ್ಲ, ಗಂಡನೂ ಹೆಂಡತಿಯ ಹೆಸರನ್ನು ನಾಲ್ಕು ಜನರ ಮುಂದೆ ತರುತ್ತಿರಲಿಲ್ಲ. ಅವನು ಅವಳನ್ನು ಕರೆಯುತ್ತಿದ್ದದ್ದು "ಏ, ಕೇಳಿಲ್ಲಿ" ಎಂದು. ಮಗಳು ಹುಟ್ಟಿದ ಮೇಲೆ "ಪಕ್ಕೀರವ್ವನ ಅವ್ವಾ" ಎಂದು. ಒಮ್ಮೆ ಕೆಮ್ಮಿದ. ಆಮೇಲೆ ಹೊಳೆಯ ಕಡೆ ತಿರುಗಿ, ಆಚೆ ದಂಡೆಗೂ ಕೇಳುವ ಹಾಗೆ ಕೂಗಿದ:

"ಹೊಳಿಯಮ್ಮ!"

ಕಾಯಿ ನೀರಿಗೆ ಬಿತ್ತು. ಜನ ಮುಂದಿನ ಮನೆಯವರ ಮೀನು ನೋಡಲು ತಿರುಗಿದರು.

ಮನೆಗೆ ಹೋಗುವ ದಾರಿಯಲ್ಲಿ ಹೊಳಿಯಮ್ಮ ಹಿಂದೆ ಹಿಂದೆ ಬರುತ್ತಿದ್ದಳು. "ಅಷ್ಟ ಮಂದಿ ಮುಂದ ನನ್ನ ಹೆಸರ ಹಿಡದು ಒದರಿದ್ರಿ. ಚೂರಾರ ನಾಚಿಕಿ ಬ್ಯಾಡೇನು?" ಎಂದು ಬೈದಳು. ಮಾರೆಪ್ಪ ನಡೆಯುತ್ತಲೇ ಇದ್ದ. ಸ್ವಲ್ಪ ದೂರ ಹೋದ ಮೇಲೆ ಅವಳ ಹೆಜ್ಜೆಯ ಸಪ್ಪಳ ನಿಂತಿತು. ತಿರುಗಿ ನೋಡಿದ. ಅವಳು ದಾರಿಯ ನಡುವೆ ನಿಂತುಬಿಟ್ಟಿದ್ದಳು, ಕಣ್ಣು ಒದ್ದೆ.

"ಇಲ್ಲಿ ಯಾರೂ ಇಲ್ಲ" ಎಂದಳು. "ಇನ್ನೊಮ್ಮೆ ಕರೀರಿ."