ಕರ್ಸರ್ ಅಲುಗದ ಜಾಗ

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಹೊನ್ನಾಳಿಯಲ್ಲಿ ನಾನು ಟೈಪಿಸ್ಟ್ ಆಗಿದ್ದ ವಕೀಲರ ಆಫೀಸಿಗೆ ಒಂದು ಕಂಪ್ಯೂಟರ್ ಬಂತು. ಊರಿಗೆಲ್ಲ ಅದೇ ಮೊದಲನೆಯದು ಅಂತ ವಕೀಲರು ಹೇಳಿಕೊಳ್ಳುತ್ತಿದ್ದರು. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಅದಕ್ಕೆ ಹೊದಿಕೆ ಹೊಲಿಸಿದರು, ಅದರ ತಲೆಯ ಮೇಲೆ ಫ್ಯಾನ್ ಹಾಕಿಸಿದರು. ಹತ್ತು ವರ್ಷ ಅದೇ ಮೂಲೆಯಲ್ಲಿ ಬೆವರು ಸುರಿಸಿ ಟೈಪ್ ಮಾಡಿದ ನನಗೆ ಯಾರೂ ಫ್ಯಾನ್ ಹಾಕಿಸಿರಲಿಲ್ಲ. ಆ ಸಿಟ್ಟು ಮೊದಲ ದಿನದಿಂದಲೇ ಇತ್ತು.

ನಾನು ಜಗಳೂರಿನವಳು. ಟೈಪಿಂಗ್ ಕಲಿತದ್ದು ಎಪ್ಪತ್ತರ ದಶಕದಲ್ಲಿ, ಚನ್ನಗಿರಿಯಲ್ಲಿ, ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು. ಅಲ್ಲಿನ ಮೇಷ್ಟ್ರು ಟೈಪ್ ಮಾಡುವಾಗ ಮಷೀನಿನ ಕಡೆ ನೋಡಲು ಬಿಡುತ್ತಿರಲಿಲ್ಲ. ಒಂದು ಪದಕ್ಕೆ ಅಡಿಗೆರೆ ಎಳೆಯಬೇಕಾದರೆ ಅದರ ಅಕ್ಷರ ಮನಸ್ಸಿನಲ್ಲೇ ಎಣಿಸಿ, ಅಷ್ಟೇ ಸಲ ಹಿಂದಕ್ಕೆ ಹೋಗುವ ಕೀಲಿ ಒತ್ತಿ, ಕಣ್ಣೆತ್ತದೆ ಗೆರೆ ಎಳೆಯಬೇಕು. ಒಂದು ಸಲ ಒತ್ತಿದರೆ ಒಂದು ಅಕ್ಷರ. ಎಣಿಕೆ ತಪ್ಪಿದರೆ ಅಡಿಕೋಲಿನಿಂದ ಬೆರಳ ಗೆಣ್ಣಿಗೆ ಬೀಳುತ್ತಿತ್ತು. ಹಾಗಾಗಿ ನನ್ನ ಬೆರಳ ಲೆಕ್ಕವನ್ನು ನಾನು ಕಣ್ಣಿಗಿಂತ ಹೆಚ್ಚು ನಂಬುತ್ತಿದ್ದೆ.

ಆ ವರ್ಷ ನ್ಯಾಮತಿ ಕಡೆಯ ಅಣ್ಣತಮ್ಮಂದಿರಿಬ್ಬರ ಪಾಲಿನ ಕೇಸು ರಾಜಿಗೆ ಬಂತು. ಅವರಿಗೊಬ್ಬಳು ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಮನೆಯ ಪೂರ್ವದ ಕೋಣೆಯಲ್ಲಿ ಇದ್ದವರು. ತಮ್ಮ ಪಾಲು ಬಿಟ್ಟುಕೊಡಲು ಅವರು ಒಪ್ಪಿದ್ದರು, ಆದರೆ ಎರಡು ಮಾತು ಬರೆದಿರಬೇಕು ಅಂದಿದ್ದರು: ಹಿತ್ತಲ ಬಾವಿಯ ನೀರು ಸೇದುವ ಹಕ್ಕು, ಮತ್ತು ಇರುವ ತನಕ ಆ ಕೋಣೆ. ದೊಡ್ಡ ತಮ್ಮ ಹೂಂ ಅಂದಿದ್ದ. ಚಿಕ್ಕವನು ಇನ್ನೂ ಯೋಚಿಸುತ್ತಿದ್ದ.

ವಕೀಲರು ರಾಜಿ ಅರ್ಜಿಯನ್ನು ಇಂಗ್ಲಿಷಿನಲ್ಲಿ ಹೇಳಿ ಬರೆಸಿದರು. ಆಮೇಲೆ, "ಆ ಎರಡು ವಾಕ್ಯ ಅಳಿಸಬೇಡಮ್ಮ, ಮುಚ್ಚಿಡು. ಚಿಕ್ಕವನು ಒಪ್ಪಿದ ದಿನ ಮುಸುಕು ತೆಗೆಯೋಣ" ಅಂದರು. ಕಂಪ್ಯೂಟರಿನಲ್ಲಿ ಹಾಗೊಂದು ಅನುಕೂಲ ಇತ್ತು. ಬೇಕಾದ ಮಾತನ್ನು ಗುರುತು ಮಾಡಿ ಎರಡು ಕೀಲಿ ಒತ್ತಿದರೆ ಅದು ಪರದೆಯಿಂದ ಮಾಯ. ಹಿಂದಿನ ವಾಕ್ಯವೂ ಮುಂದಿನ ವಾಕ್ಯವೂ ಪಕ್ಕಪಕ್ಕ ಬಂದು ಕೂರುತ್ತಿದ್ದವು, ನಡುವೆ ಏನೂ ಇರಲೇ ಇಲ್ಲ ಅನ್ನುವ ಹಾಗೆ.

ಎರಡು ವಾರದ ಮೇಲೆ ಚಿಕ್ಕವನು ಒಪ್ಪಿದ. ಅವತ್ತು ಬೆಳಿಗ್ಗೆ ನನಗಿದ್ದ ಕೆಲಸ ಸಣ್ಣದು: ಮುಚ್ಚಿದ ಜಾಗದ ಹಿಂದಿನ ವಾಕ್ಯದ ಕೊನೆಯಲ್ಲಿ ಉತ್ತರದ ಗಡಿ ಅಂತಿದ್ದದ್ದನ್ನು ದಕ್ಷಿಣ ಮಾಡಬೇಕು, ಆಮೇಲೆ ಮುಚ್ಚಿದ್ದನ್ನು ತೆಗೆದು ಕಾಣುವ ಹಾಗೆ ಮಾಡಬೇಕು. ಕರ್ಸರ್, ಅಂದರೆ ಆ ಮಿಣುಕುವ ಗೆರೆ, ಮುಂದಿನ ವಾಕ್ಯದ ಮೊದಲಕ್ಷರದಲ್ಲಿ ನಿಂತಿತ್ತು. ಹಿಂದಕ್ಕೆ ಹೋಗುವ ಬಾಣದ ಕೀಲಿ ಒತ್ತಿದೆ. ಅಲುಗಲಿಲ್ಲ. ಹತ್ತು ಸಲ ಒತ್ತಿದರೂ ನಿಂತಲ್ಲೇ ಮಿಣುಕುತ್ತಿತ್ತು. ಕೀಲಿಗೆ ಧೂಳು ಹಿಡಿದಿದೆ ಅಂದುಕೊಂಡೆ. ಕರ್ಸರನ್ನು ಮುಂದಿನ ವಾಕ್ಯದ ನಡುವಿನ ತನಕ ಒಯ್ದು, ಮತ್ತೆ ಅದೇ ಮೊದಲಕ್ಷರಕ್ಕೆ ತಂದು ನಿಲ್ಲಿಸಿದೆ. ಕೊನೆಗೆ ಅಳಿಸುತ್ತ ಹಿಂದೆ ಹೋಗುವ ಕೀಲಿಯನ್ನು ಒತ್ತಿ ಹಿಡಿದೆ. ಪರದೆಯಲ್ಲಿ ಒಂದಕ್ಷರವೂ ಹೋಗಲಿಲ್ಲ. ಏನೂ ಹೋಗುತ್ತಿಲ್ಲವಲ್ಲ ಅಂತ ಇನ್ನಷ್ಟು ಒತ್ತಿದೆ. ಬೇಜಾರಾಗಿ ಮೇಲಿನ ಸಾಲಿನಿಂದ ಬಳಸಿಕೊಂಡು ಬಂದು ಪದ ತಿದ್ದಿದೆ.

ಆಮೇಲೆ ಮುಚ್ಚಿದ್ದನ್ನು ತೆಗೆದೆ. ಬಾವಿಯ ವಾಕ್ಯ ಎದ್ದು ಬಂತು. ಸರಿ, ಬಂತಲ್ಲ ಅಂದುಕೊಂಡು ಪ್ರಿಂಟ್ ಕೊಟ್ಟೆ. ಎರಡು ವಾಕ್ಯ ಇದ್ದದ್ದು ನೆನಪಿರಲಿಲ್ಲವೇ ಅಂತ ನೀವು ಕೇಳಬಹುದು. ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನೆನಪಿತ್ತೋ ಇಲ್ಲವೋ ಈಗಲೂ ಗೊತ್ತಾಗುವುದಿಲ್ಲ.

ಕೋರ್ಟಿನ ಪಡಸಾಲೆಯಲ್ಲಿ ವಕೀಲರು ಕಾಗದ ಕೈಯಲ್ಲಿ ಹಿಡಿದು ಎಲ್ಲರಿಗೂ ಕನ್ನಡದಲ್ಲಿ ಓದಿ ಹೇಳಿದರು. ಕಾಗದ ನೋಡುತ್ತಿದ್ದರು, ಆದರೆ ಹೇಳಿದ್ದು ಬಾಯಿಪಾಠದಿಂದ, ತಾವೇ ಬರೆಸಿದ್ದಲ್ಲವೇ? ಬಾವಿಯನ್ನೂ ಹೇಳಿದರು, ಕೋಣೆಯನ್ನೂ ಹೇಳಿದರು. ಹೆಬ್ಬೆಟ್ಟು ಒತ್ತುವ ಮೊದಲು ಆ ಅಕ್ಕ ನನ್ನ ಕಡೆ ತಿರುಗಿದರು. "ನೀನೇ ಟೈಪ್ ಮಾಡೀಯಂತಲ್ಲ ತಂಗಿ, ಕೋಣೇದು ಬರ್ದೈತಾ?"

"ಐತಕ್ಕ" ಅಂದೆ.

ಕೋರ್ಟಿನಿಂದ ನಕಲು ಬಂದ ದಿನ ಫೈಲಿಗೆ ಸೇರಿಸುವಾಗ ಸುಮ್ಮನೆ ಕಣ್ಣಾಡಿಸಿದೆ. ಕೋಣೆ ಇರಲಿಲ್ಲ. ಮೂರು ಸಲ ಓದಿದೆ. ನೀರು ಸೇದುವ ಹಕ್ಕು ಇತ್ತು, ಸೇದಿದ ನೀರು ಎಲ್ಲಿ ಇಡಬೇಕು ಅನ್ನುವುದು ಇರಲಿಲ್ಲ. ನಕಲನ್ನು ಒಯ್ದು ವಕೀಲರ ಮುಂದಿಟ್ಟೆ.

ಕಂಪ್ಯೂಟರ್ ಮಾರಿದವರ ಕಡೆಯ ಹುಡುಗ ದಾವಣಗೆರೆಯಿಂದ ಬಂದು ನೋಡಿದ. "ಕರ್ಸರ್ ಕೆಟ್ಟಿರಲಿಲ್ಲ ಮೇಡಂ, ಮುಚ್ಚಿಟ್ಟ ಅಕ್ಷರದಾಗೇ ಒಂದೊಂದೇ ಹೆಜ್ಜೆ ನಡೀತಿತ್ತು. ನಿಮಗೆ ಕಾಣ್ಲಿಲ್ಲ ಅಷ್ಟೆ. ಅಳಿಸೋ ಕೀಲಿ ಕೊನೇ ವಾಕ್ಯ ತಿಂದೈತೆ" ಅಂದ.

ನನಗೆ ರೇಗಿತು. ಜಗಲಿಯ ಮೇಲೆ ಯಾರೋ ಮುಸುಕು ಹೊದ್ದು ಮಲಗಿದ್ದರೆ ನಾವು ದಾಟಿಕೊಂಡು ಹೋಗುತ್ತೇವೆ, ಇಲ್ಲ ಎಬ್ಬಿಸುತ್ತೇವೆ, ಎದೆಯ ಮೇಲೆ ಹೆಜ್ಜೆ ಇಟ್ಟುಕೊಂಡು ಹೋಗುತ್ತೇವಾ ಅಂತ ಕೇಳಿದೆ. ಕರ್ಸರ್ ಮುಚ್ಚಿದ ಜಾಗಕ್ಕೆ ಬಂದರೆ ಒಂದೇ ನೆಗೆತಕ್ಕೆ ಆಚೆ ಹೋಗಬೇಕು, ಒಳಗೆ ಕಾಲಿಡುವುದಾದರೆ ಮುಸುಕು ತೆಗೆದು ತೋರಿಸಬೇಕು, ಅಳಿಸುವುದಾದರೆ ಕೇಳಿ ಅಳಿಸಬೇಕು. ಅವನು ತಲೆ ಕೆರೆದುಕೊಂಡ. "ನೆಗೆದು ಹೋದ್ರೆ ಅಲ್ಲೇನೋ ಐತಿ ಅಂತ ಎಲ್ಲರಿಗೂ ಗೊತ್ತಾಗ್ತೈತಲ್ಲ? ಗೊತ್ತಾಗಬಾರ್ದು ಅಂತಾನೇ ಮುಚ್ಚಿರ್ತಾರೆ."

ಅದೂ ಸರಿಯೇ. ವಕೀಲರು ಮುಚ್ಚಿಸಿದ್ದು, ತಾನು ಒಪ್ಪುವ ಮೊದಲೇ ಬರೆದಾಗಿದೆ ಅಂತ ಚಿಕ್ಕವನಿಗೆ ಗೊತ್ತಾಗಬಾರದು ಅಂತಲೇ. ಯಾರಿಗೂ ಗೊತ್ತಾಗಬಾರದು, ನನಗೆ ಮಾತ್ರ ಗೊತ್ತಾಗಬೇಕು ಅಂದರೆ ಆ ಮಷೀನು ಹೇಗೆ ನಡೆದುಕೊಳ್ಳಬೇಕು? ಯೋಚಿಸಿದಷ್ಟೂ ತಲೆ ಕೆಟ್ಟು ಹೋಯಿತು.

ಕೋಣೆಯ ಮಾತು ಸೇರಿಸುವ ತಿದ್ದುಪಡಿಗೆ ವಕೀಲರು ಅಣ್ಣತಮ್ಮಂದಿರನ್ನು ಕರೆಸಿದರು. ದೊಡ್ಡವನು ಸಹಿ ಹಾಕಿದ. ಚಿಕ್ಕವನು ನಕಲು ತೋರಿಸಿ, "ಕೋರ್ಟಿನ ಕಾಗದದಾಗೆ ಇಲ್ಲದ್ದು ನಂಗೂ ಇಲ್ಲ. ಕೋಣೆ ನನ್ನ ಪಾಲಿಗೆ ಬಂದೈತೆ" ಅಂದು ಎದ್ದು ಹೋದ.

ಭಾನುವಾರ ನಾನೇ ಬಸ್ ಹತ್ತಿ ನ್ಯಾಮತಿಗೆ ಹೋದೆ. ಆಕೆ ಕೋಣೆಯ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನಗೂ ಒಂದು ಹಿಡಿ ಸುರಿದರು. ಸುಲಿಯುತ್ತಲೇ ಎಲ್ಲ ಹೇಳಿದೆ: ತಪ್ಪು ನನ್ನದು, ನಾನು ಅಳಿಸಿದೆ, ಅಳಿಸಿದ್ದು ನನಗೇ ಕಾಣಲಿಲ್ಲ. ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆ ಮಷೀನ್ನಾಗೆ ಈಗ್ಲೂ ಐತಾ?" ಅಂತ ಕೇಳಿದರು.

"ಇಲ್ಲಕ್ಕ."

"ನಿನ್ನ ಮನಸ್ನಾಗೆ ಐತಲ್ಲ. ಬರ್ದಿದ್ದು ನೀನು, ಅಳಿಸಿದ್ದು ನೀನು. ಜಡ್ಜ್ ಮುಂದೆ ಬಂದು ಅಷ್ಟೇ ಹೇಳ್ತೀಯಾ?"

ವಕೀಲರನ್ನು ಕೇಳಿ ಹೇಳುತ್ತೇನೆ ಅಂದು ಬಸ್ಸಿಗೆ ಎದ್ದೆ.

ಸೋಮವಾರ ವಕೀಲರು ಬಾಗಿಲು ಹಾಕಿ ಮೆಲ್ಲಗೆ ಹೇಳಿದರು. "ನೀನು ಅಳಿಸಿದೆ ಅಂದರೆ, ನಾನು ಕಾಗದ ಓದದೇ ಹೆಬ್ಬೆಟ್ಟು ಒತ್ತಿಸಿದೆ ಅಂದ ಹಾಗೆ. ಆಮೇಲೆ ಈ ಆಫೀಸಿಗೆ ಯಾರು ಬರ್ತಾರೆ? ನಿನಗೆ ಇನ್ನೆಲ್ಲಿ ಕೆಲಸ ಸಿಗುತ್ತೆ? ಯೋಚನೆ ಮಾಡು."

ಯೋಚನೆ ಮಾಡಿದೆ. ಆಕೆ ಮತ್ತೆ ಹೇಳಿ ಕಳಿಸಲಿಲ್ಲ, ನಾನೂ ಹೋಗಲಿಲ್ಲ. ಯುಗಾದಿಗೆ ಮೊದಲೇ ಆಕೆ ಕೋಣೆ ಖಾಲಿ ಮಾಡಿದರು ಅಂತ ದೊಡ್ಡ ತಮ್ಮ ಬಂದು ಹೇಳಿದ. ನಾನು ಹೌದಾ ಅಂದು, ಕೈಯಲ್ಲಿದ್ದ ಅರ್ಜಿಯನ್ನು ಟೈಪ್ ಮಾಡಿ ಮುಗಿಸಿದೆ.