ತಿಜಾನಿ ಆಳು ಆರಿಸುವ ಬಗೆ

ಮರಳುಗಾಡಿನ ಅಂಚಿನ ಊರು ನೆಫ್ತಾದ ತೋಟಗಳಲ್ಲಿ ಖರ್ಜೂರದ ಗೊನೆಯನ್ನು ಮೇಲಿನಿಂದ ಎಸೆಯುವುದಿಲ್ಲ. ಮರದ ಮೈಗೆ ಒಬ್ಬರ ಕೆಳಗೊಬ್ಬರಂತೆ ಆರು ಜನ ಅಂಟಿಕೊಂಡು, ಕೈಯಿಂದ ಕೈಗೆ ಇಳಿಸುತ್ತಾರೆ. ಮೇಲಿನವನು ಜಾರಿದರೆ ಆರೂ ಜನರ ಗತಿ ಅಷ್ಟೇ. ಹಾಗಾಗಿ ತಂಡದ ಯಜಮಾನ ತಿಜಾನಿ ಆಳು ಆರಿಸುವಾಗ ತೋಳು ಮುಟ್ಟಿ ನೋಡುವುದಿಲ್ಲ. ಮುಂದೆ ಒಂದು ತಟ್ಟೆ ಇಟ್ಟು ತಿನ್ನು ಎನ್ನುತ್ತಾನೆ. ಮೂವತ್ತು ವರ್ಷದಲ್ಲಿ ಅವನ ತಂಡದ ಒಬ್ಬನೂ ಬಿದ್ದಿಲ್ಲ. ಮದುವೆ ಮಾತ್ರ ಮೂರು ಸಲ ಆಗಿದ್ದಾನೆ. ಆಗ ತಟ್ಟೆ ಇಟ್ಟಿರಲಿಲ್ಲವೆಂದು ಕಾಣುತ್ತದೆ.

ಆ ವರ್ಷ ಒಂದು ತೋಟದ ಫಸಲನ್ನು ಮರದ ಮೇಲಿರುವಾಗಲೇ ನಾನು ಕೊಂಡಿದ್ದೆ. ಕೊಯ್ಲಿನ ಮುನ್ನಾದಿನ ಅವನ ಆರನೆಯ ಆಳು ಜ್ವರದಿಂದ ಮಲಗಿದ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಮಾಗಿದ ಖರ್ಜೂರದ ಮೇಲೆ ಒಂದು ಮಳೆ ಬಿದ್ದರೆ ಸಾಕು, ಹುಳಿ ಹಿಡಿಯುತ್ತದೆ.

ಕೆಲಸ ಕೇಳಿಕೊಂಡು ಇಬ್ಬರು ಬಂದರು. ತಟ್ಟೆಯಲ್ಲಿದ್ದದ್ದು ಎರಡೇ ಬಗೆಯ ಖರ್ಜೂರ: ಜೇನಿನಂತೆ ಹೊಳೆಯುವ ದೆಗ್ಲೆ, ಕಟ್ಟಿಗೆಯಂಥ ಒಣ ಕೆಂತಾ.

ಮೊದಲನೆಯವನು ಸಾಸಿ, ಗೂಳಿಯಂಥ ಆಳು. "ನಿಮಗ್ಯಾವುದಿಷ್ಟ ಯಜಮಾನ್ರೇ?" ಎಂದ.

"ದೆಗ್ಲೆ."

"ನಂಗೂ ಅದೇ. ಕೆಂತಾ ಕತ್ತೆ ತಿನ್ನೋದು."

"ನಂಗೆ ಕೆಂತಾನೂ ಇಷ್ಟ ಕಣೋ."

"ಹಾಗ್ ನೋಡಿದ್ರೆ ಅದ್ರಲ್ಲೂ ಒಂದು ರುಚಿ ಐತೆ ಬಿಡಿ."

ತಿಜಾನಿ ಅವನಿಗೆ ಚಹಾ ಕುಡಿಸಿ ಕಳಿಸಿಬಿಟ್ಟ.

ಎರಡನೆಯವನು ಮೆಸ್ಸೌದ್, ಕಡ್ಡಿಯಂಥವನು. ಕೆಂತಾ ಎತ್ತಿಕೊಂಡು ಅಗಿಯುತ್ತಲೇ ಕೂತ.

"ದೆಗ್ಲೆ ಮುಟ್ಟಲ್ವೇನೋ? ಊರಿನ ಹೆಮ್ಮೆ."

"ಅತಿ ಸಿಹಿ. ನಂಗಾಗಲ್ಲ."

"ನಂಗಿಷ್ಟ."

"ತಿನ್ನಿ ಯಜಮಾನ್ರೇ, ಬೇಡ ಅಂದೋರ್ಯಾರು?"

ಕೆಲಸ ಅವನದಾಯಿತು. "ಗೂಳಿ ಬಿಟ್ಟು ಕಡ್ಡಿ ಹಿಡಿದ್ಯಲ್ಲ ಮಾರಾಯ," ಎಂದೆ.

"ನನ್ನ ನಾಲಿಗೆಗೆ ಹೆದರೋನು ಮರದ ಮೇಲೂ ನಂಗೇ ಹೆದರ್ತಾನೆ," ಎಂದ ತಿಜಾನಿ. "ಕೈ ಸೋತ್ರೂ ಬಾಯಿ ಬಿಡಲ್ಲ."

ಮರುದಿನ ಮಧ್ಯಾಹ್ನದ ಹೊತ್ತಿಗೆ ಮೋಡ ನೆತ್ತಿಯ ಮೇಲಿತ್ತು. ಉಳಿದದ್ದು ಒಂದೇ ಮರ. ತೋಟಕ್ಕೇ ಹಿರಿದು, ಹದಿನಾಲ್ಕು ಗೊನೆ. ಹಗುರ ಮೈಯವನೆಂದು ಮೆಸ್ಸೌದನೇ ಮೊದಲು ಹತ್ತಿದ. ಎರಡಾಳೆತ್ತರದಲ್ಲಿ ನಿಂತು, ಮರವನ್ನು ಬಡಿದು ನೋಡಿ, ಇಳಿದುಬಂದ.

"ಒಳಗೆ ಟೊಳ್ಳು. ನಾ ಹತ್ತಲ್ಲ."

"ಹೋದ್ವರ್ಷ ಇವ್ರೆಲ್ಲ ಹತ್ತಿದ್ರಲ್ಲೋ," ಎಂದೆ. "ಮಳೆ ಬಂತು, ಹತ್ತು."

"ಹೋದ್ವರ್ಷದ್ದು ನಂಗೊತ್ತಿಲ್ಲ ಸಾಹುಕಾರ್ರೇ."

ತಿಜಾನಿ ಕಿವಿಯಿಟ್ಟು ಬಡಿದು ನೋಡಿದ. "ನಂಗೆ ಗಟ್ಟಿ ಅನ್ಸುತ್ತೆ."

"ನಿಮಗನ್ಸುತ್ತೆ. ನಂಗನ್ಸಲ್ಲ."

ಮೊದಲ ಹನಿ ನನ್ನ ಕೈಮೇಲೆ ಬಿತ್ತು. ಉಳಿದ ಐವರೂ ಯಜಮಾನನ ಮುಖವನ್ನೇ ನೋಡುತ್ತಿದ್ದರು. ಅಷ್ಟು ಜನರೆದುರು ಅವನ ಮಾತನ್ನು ಯಾರೂ ತಳ್ಳಿಹಾಕಿದ್ದಿಲ್ಲ. ಅವನು ಮರವನ್ನು ನೋಡಿದ, ನನ್ನನ್ನು ನೋಡಿದ.

"ಬಿಡ್ರೋ ಈ ಮರಾನ," ಎಂದ.

ಹದಿನಾಲ್ಕು ಗೊನೆಯೂ ನನ್ನ ಕಣ್ಣೆದುರೇ ನೆನೆದು ಹಾಳಾದವು.

ಆ ಮರ ಬೀಳಲಿಲ್ಲ. ಮೂರು ವರ್ಷವಾಯಿತು, ಇವತ್ತಿಗೂ ನೆಟ್ಟಗೆ ನಿಂತಿದೆ. ಹೋದ ವಾರ ತಿಜಾನಿಗೆ ತೋರಿಸಿ ಕೆಣಕಿದೆ: "ನಿನ್ನ ಕಡ್ಡಿಯ ಟೊಳ್ಳು ಮರ ಹೇಗೆ ನಿಂತಿದೆ ನೋಡು."

"ಹೌದಲ್ಲ," ಎಂದವನೇ ಸೊಂಟದ ಕುಡುಗೋಲು ತೆಗೆದು ನನ್ನ ಕೈಗಿಟ್ಟ. "ಹತ್ತಿ ಸಾಹುಕಾರ್ರೇ."

ನನಗೆ ಅವತ್ತು ಮಂಡಿ ನೋವಿತ್ತು.